ಹಾಲರ್ಟಾವ್ ಹಾಪ್ಸ್ ಪ್ರವಾಸ

ಹಾಲರ್ಟಾವ್ ಹಾಪ್ಸ್ ಪ್ರವಾಸ ಎಂಬುದು ಜರ್ಮನಿಯ ಬವೇರಿಯ ರಾಜ್ಯದ ಹಾಲರ್ಟಾವ್ ಪ್ರದೇಶದಲ್ಲಿ ಹಾಪ್ಸ್ ತೋಟಗಳನ್ನೂ ಅವುಗಳ ಸುತ್ತಮುತ್ತಲಿನ ಸಣ್ಣ ಬಿಯರ್ ತಯಾರಿಕಾ ಘಟಕಗಳನ್ನೂ (ಬ್ರೂವರಿ) ನೋಡಲು ಕೈಗೊಳ್ಳುವ ವಿಹಾರ. ಸ್ಥಳೀಯ ಆಡುಮಾತಿನಲ್ಲಿ ಹೋಲೆಡಾವ್ ಎಂದು ಕರೆಯಲ್ಪಡುವ ಈ ಪ್ರದೇಶವು ಜಗತ್ತಿನಲ್ಲಿಯೇ ಅತಿ ದೊಡ್ಡದಾದ ಅಖಂಡ ಹಾಪ್ಸ್ ಬೆಳೆಯ ನೆಲವಾಗಿದೆ. ಜರ್ಮನಿಯ ಹಾಪ್ಸ್ ಉತ್ಪನ್ನದಲ್ಲಿ ಐದರಲ್ಲಿ ನಾಲ್ಕು ಭಾಗಕ್ಕೂ ಹೆಚ್ಚು ಇಲ್ಲಿಂದಲೇ ಬರುತ್ತದೆ. ಜರ್ಮನಿಯಾದರೋ ವಿಶ್ವದ ಹಾಪ್ಸಿನ ಸುಮಾರು ಮೂರನೆಯ ಒಂದು ಭಾಗವನ್ನು ಬೆಳೆಯುವ ದೇಶ. ದ್ರಾಕ್ಷಿ ತೋಟಗಳ ಪ್ರವಾಸದಂತೆ ಇದನ್ನು ವರ್ಷದ ಯಾವ ತಿಂಗಳಲ್ಲಿ ಬೇಕಾದರೂ ಕೈಗೊಳ್ಳಲಾಗದು. ಹಾಪ್ಸ್ ಬಳ್ಳಿ ವರ್ಷದಲ್ಲಿ ನಾಲ್ಕೈದು ತಿಂಗಳು ಮಾತ್ರ ಕಣ್ಣಿಗೆ ಕಾಣುವ ಬೆಳೆ. ಅದರ ಕೊಯ್ಲು ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಆದ್ದರಿಂದ ಈ ಪ್ರವಾಸದ ಯೋಜನೆಯಲ್ಲಿ ಸ್ಥಳದ ಆಯ್ಕೆಗಿಂತ ಕಾಲದ ಆಯ್ಕೆಯೇ ಮುಖ್ಯವಾಗುತ್ತದೆ.

ಪ್ರದೇಶ

ಮ್ಯೂನಿಕ್ ನಗರದ ಉತ್ತರಕ್ಕೆ, ಇಂಗೋಲ್‌ಸ್ಟಾಟ್, ಕೆಲ್‌ಹೈಮ್, ಲಾಂಡ್ಸ್‌ಹೂಟ್ ಮತ್ತು ಫ್ರೈಸಿಂಗ್ ಪಟ್ಟಣಗಳ ನಡುವೆ ಹಬ್ಬಿರುವ ಅಲೆಯಲೆಯಾದ ದಿಣ್ಣೆಗಳ ನಾಡು ಇದು. ಮೈನ್‌ಬುರ್ಗ್, ವೋಲ್ನ್‌ಜಾಖ್, ಗೈಸೆನ್‌ಫೆಲ್ಡ್ ಮತ್ತು ಔ ಇಲ್ಲಿನ ಮುಖ್ಯ ಊರುಗಳು. ಇಳಿಜಾರುಗಳಲ್ಲಿ ಸುಮಾರು 7 ಮೀಟರ್ ಎತ್ತರದ ಮರದ ಕಂಬಗಳನ್ನು ಸಾಲಾಗಿ ನೆಟ್ಟು, ತುದಿಯಿಂದ ತುದಿಗೆ ಉಕ್ಕಿನ ತಂತಿಗಳನ್ನು ಬಿಗಿದಿರುತ್ತಾರೆ. ದೂರದಿಂದ ನೋಡಿದವರಿಗೆ ಚಳಿಗಾಲದಲ್ಲಿ ಇವು ಕೆಲಸ ಅರ್ಧಕ್ಕೆ ನಿಂತ ವಿದ್ಯುತ್ ಮಾರ್ಗಗಳಂತೆಯೂ ಜುಲೈ ತಿಂಗಳಲ್ಲಿ ಹಸಿರು ಗೋಡೆಗಳ ಓಣಿಗಳಂತೆಯೂ ತೋರುತ್ತವೆ. ನಮ್ಮ ಕಡೆಯ ವೀಳ್ಯದೆಲೆ ತೋಟವನ್ನು ಕಂಡವರು ಅದನ್ನು ಎರಡಂತಸ್ತಿನ ಮನೆಯ ಎತ್ತರಕ್ಕೆ ಹಿಗ್ಗಿಸಿ ಊಹಿಸಿಕೊಳ್ಳಬಹುದು.

ಬೆಳೆಯ ಸ್ವರೂಪ

ಹಾಪ್ಸ್ (ಹ್ಯೂಮ್ಯುಲಸ್ ಲುಪ್ಯುಲಸ್) ಗಾಂಜಾ ಗಿಡದ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಬಳ್ಳಿ. ಗಂಡು ಹೆಣ್ಣು ಗಿಡಗಳು ಬೇರೆಬೇರೆಯಾಗಿರುತ್ತವೆ. ಬಿಯರ್ ತಯಾರಿಕೆಗೆ ಬೇಕಾದದ್ದು ಹೆಣ್ಣು ಗಿಡದ ಶಂಕುವಿನಾಕಾರದ ಹೂಗೊಂಚಲು ಮಾತ್ರ. ಅದರ ಎಸಳುಗಳ ಬುಡದಲ್ಲಿರುವ ಲುಪ್ಯುಲಿನ್ ಎಂಬ ಹಳದಿ ಪುಡಿಯಲ್ಲಿ ಕಹಿ ನೀಡುವ ಆಲ್ಫಾ ಆಮ್ಲಗಳೂ ಪರಿಮಳ ನೀಡುವ ತೈಲಗಳೂ ಅಡಗಿವೆ. ಪರಾಗಸ್ಪರ್ಶವಾದರೆ ಹೂವಿನಲ್ಲಿ ಬೀಜ ಕಟ್ಟಿ ಗುಣ ಕೆಡುವುದೆಂಬ ಕಾರಣದಿಂದ ಪೊದೆಗಳಲ್ಲಿ ತಾನಾಗಿ ಬೆಳೆದ ಗಂಡು ಗಿಡಗಳನ್ನೂ ಇಲ್ಲಿ ಹುಡುಕಿ ಕಿತ್ತುಹಾಕುತ್ತಾರೆ.

ಚಳಿಗಾಲದಲ್ಲಿ ನೆಲದ ಮೇಲೆ ಏನೂ ಉಳಿದಿರುವುದಿಲ್ಲ. ಬೇರಿನ ಗೆಡ್ಡೆಯೊಂದೇ ಮಣ್ಣಿನೊಳಗೆ ಬದುಕಿರುತ್ತದೆ. ವಸಂತದಲ್ಲಿ ಬುಡದಿಂದ ಹತ್ತಾರು ಚಿಗುರುಗಳು ಏಳುತ್ತವೆ. ಅವುಗಳಲ್ಲಿ ಎರಡು ಮೂರನ್ನು ಮಾತ್ರ ಉಳಿಸಿ, ಮೇಲಿನ ತಂತಿಯಿಂದ ಇಳಿಬಿಟ್ಟ ಎಳೆಗೆ ಒಂದೊಂದನ್ನೂ ಕೈಯಿಂದಲೇ ಸುತ್ತಬೇಕು. ಬಳ್ಳಿಯು ಯಾವಾಗಲೂ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿಯೇ ಸುತ್ತುವುದರಿಂದ ಎದುರು ದಿಕ್ಕಿನಲ್ಲಿ ಸುತ್ತಿದರೆ ಬಿಚ್ಚಿಕೊಂಡು ಬೀಳುತ್ತದೆ. ಯಂತ್ರಕ್ಕೆ ಇನ್ನೂ ಒಗ್ಗದ ಈ ಕೆಲಸಕ್ಕೆ ಪೋಲೆಂಡ್ ಮತ್ತು ರೊಮೇನಿಯಾ ದೇಶಗಳಿಂದ ಕೂಲಿಕಾರರು ಬರುತ್ತಾರೆ. ಒಳ್ಳೆಯ ಹವೆಯಿದ್ದ ದಿನಗಳಲ್ಲಿ ಬಳ್ಳಿ ಒಂದೇ ದಿನಕ್ಕೆ 30 ಸೆಂಟಿಮೀಟರಿನಷ್ಟು ಬೆಳೆಯುವುದುಂಟು. ಜೂನ್ ತಿಂಗಳ ಕೊನೆಯ ಹೊತ್ತಿಗೆ ಅದು ಕಂಬದ ತುದಿಯನ್ನು ಮುಟ್ಟಿರುತ್ತದೆ.

ಇತಿಹಾಸ

ಗೈಸೆನ್‌ಫೆಲ್ಡ್ ಬಳಿ ಕ್ರಿ.ಶ. 736ರಲ್ಲಿ ಸ್ಲಾವ್ ಯುದ್ಧಕೈದಿಗಳು ಹಾಪ್ಸ್ ಬೆಳೆದರೆಂಬುದು ಈ ಪ್ರದೇಶದ ಬೆಳೆಯ ಕುರಿತು ಸಾಮಾನ್ಯವಾಗಿ ಹೇಳಲಾಗುವ ಮೊದಲ ಉಲ್ಲೇಖ. 1516ರ ಏಪ್ರಿಲ್ 23ರಂದು ಇಂಗೋಲ್‌ಸ್ಟಾಟ್‌ನಲ್ಲಿ ಬವೇರಿಯದ ದೊರೆಗಳಾದ ನಾಲ್ಕನೆಯ ವಿಲ್‌ಹೆಲ್ಮ್ ಮತ್ತು ಹತ್ತನೆಯ ಲುಡ್ವಿಗ್ ಹೊರಡಿಸಿದ ಕಟ್ಟಳೆಯು ಬಿಯರಿಗೆ ಬಾರ್ಲಿ, ಹಾಪ್ಸ್ ಮತ್ತು ನೀರನ್ನು ಬಿಟ್ಟು ಬೇರೇನನ್ನೂ ಬಳಸಬಾರದೆಂದು ವಿಧಿಸಿತು. ಶುದ್ಧತೆಯ ಕಟ್ಟಳೆಯೆಂದು ಮುಂದೆ ಹೆಸರಾದ ಈ ಆಜ್ಞೆ ಹಾಪ್ಸಿಗೆ ಶಾಶ್ವತ ಮಾರುಕಟ್ಟೆಯನ್ನು ಒದಗಿಸಿತಾದರೂ ಹಾಲರ್ಟಾವ್ ಇಂದಿನ ವಿಸ್ತಾರವನ್ನು ಪಡೆಯತೊಡಗಿದ್ದು 19ನೆಯ ಶತಮಾನದಲ್ಲಿಯೇ.

1920ರ ದಶಕದಲ್ಲಿ ಬೂಜು ರೋಗವೊಂದು ತೋಟಗಳನ್ನು ಹಾಳುಗೆಡವಿದಾಗ ಬ್ರೂವರಿಗಳೂ ಬೆಳೆಗಾರರೂ ಕೂಡಿ 1926ರಲ್ಲಿ ವೋಲ್ನ್‌ಜಾಖ್ ಸಮೀಪದ ಹ್ಯುಲ್ ಗ್ರಾಮದಲ್ಲಿ ಹಾಪ್ಸ್ ಸಂಶೋಧನಾ ಕೇಂದ್ರವನ್ನು ಆರಂಭಿಸಿದರು. ಮುಂದೆ ವರ್ಟಿಸಿಲಿಯಮ್ ಎಂಬ ಶಿಲೀಂಧ್ರದಿಂದ ಬರುವ ಸೊರಗು ರೋಗವು ಪ್ರದೇಶದ ಹಳೆಯ ಪರಿಮಳದ ತಳಿಯಾದ ಹಾಲರ್ಟಾವರ್ ಮಿಟ್ಟೆಲ್‌ಫ್ರ್ಯೂವನ್ನು ಅಳಿವಿನಂಚಿಗೆ ತಳ್ಳಿತು. ಹ್ಯುಲ್ ಕೇಂದ್ರವು ರೋಗ ತಾಳುವ ಪೆರ್ಲೆ, ಹಾಲರ್ಟಾವರ್ ಟ್ರಡಿಶನ್ ಮುಂತಾದ ಬದಲಿ ತಳಿಗಳನ್ನು ನೀಡಿತು. ಹಳೆಯ ತಳಿ ಪೂರ್ತಿ ಮರೆಯಾಗದಿರಲು ನೆರವಾದವರಲ್ಲಿ ಅಮೆರಿಕದ ಕ್ರಾಫ್ಟ್ ಬಿಯರ್ ತಯಾರಕರೂ ಸೇರುತ್ತಾರೆ: 1980ರ ದಶಕದಲ್ಲಿ ಆರಂಭವಾದ ಸ್ಯಾಮ್ಯುಯೆಲ್ ಆಡಮ್ಸ್ ಬಾಸ್ಟನ್ ಲಾಗರ್ ಇದೇ ಮಿಟ್ಟೆಲ್‌ಫ್ರ್ಯೂ ಹಾಪ್ಸನ್ನು ಬಳಸುತ್ತದೆ.

ಕೊಯ್ಲಿನ ಯಂತ್ರಗಳು 1950ರ ದಶಕದ ನಡುಭಾಗದಲ್ಲಿ ಬಂದವು. ಅಲ್ಲಿಯವರೆಗೆ ಪ್ರತಿ ಆಗಸ್ಟ್ ಕೊನೆಯಲ್ಲಿ ಬವೇರಿಯದ ಬಡ ಜಿಲ್ಲೆಗಳಿಂದಲೂ ನಗರಗಳಿಂದಲೂ ಹತ್ತಾರು ಸಾವಿರ ಜನ ಹೂ ಬಿಡಿಸಲು ಬರುತ್ತಿದ್ದರು. ಬುಟ್ಟಿಯಲ್ಲಿ ತುಂಬಿದ ಹೂವನ್ನು ಅಳೆದು, ಅಳತೆಗೊಂದು ತಗಡಿನ ಬಿಲ್ಲೆಯನ್ನು ಕೊಟ್ಟು, ಕೊಯ್ಲಿನ ಕೊನೆಯಲ್ಲಿ ಬಿಲ್ಲೆಗಳಿಗೆ ಹಣ ಎಣಿಸುವ ಪದ್ಧತಿಯಿತ್ತು. ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ಕೊಯ್ಲಿನ ವ್ಯವಹಾರವನ್ನು ಬಲ್ಲ ಓದುಗರಿಗೆ ಇದು ಅಪರಿಚಿತವೆನಿಸದು. ಯಂತ್ರಗಳೊಂದಿಗೆ ಈ ಜನಜಂಗುಳಿಯೂ ಸಣ್ಣ ಹಿಡುವಳಿಗಳೂ ಮರೆಯಾದವು. ಹಿಂದೆ ಸಾವಿರಾರು ಕುಟುಂಬಗಳು ಬೆಳೆಯುತ್ತಿದ್ದ ಹಾಪ್ಸನ್ನು ಈಗ ಹಾಲರ್ಟಾವ್‌ನಲ್ಲಿ ಬೆಳೆಯುವವು ಸಾವಿರಕ್ಕಿಂತ ಕಡಿಮೆ ಹಿಡುವಳಿಗಳು. ಬೆಳೆಯ ವಿಸ್ತೀರ್ಣ ಮಾತ್ರ ಸುಮಾರು 17,000 ಹೆಕ್ಟೇರಿನಷ್ಟಿದೆ.

ಪ್ರವಾಸದ ಕಾಲ

ಕೊಯ್ಲು ಸಾಮಾನ್ಯವಾಗಿ ಆಗಸ್ಟ್ ತಿಂಗಳ ಕೊನೆಯ ವಾರದಲ್ಲಿ ಆರಂಭವಾಗಿ ಸೆಪ್ಟೆಂಬರ್ ನಡುಭಾಗದ ಆಚೀಚೆ ಮುಗಿಯುತ್ತದೆ. ತಳಿಗೆ ತಕ್ಕಂತೆ ದಿನಗಳು ಹಿಂದುಮುಂದಾಗುತ್ತವೆ. ಪರಿಮಳದ ತಳಿಗಳು ಮೊದಲು, ಹೆರ್ಕುಲೆಸ್‌ನಂತಹ ಕಹಿ ತಳಿಗಳು ಅನಂತರ. ಇಡೀ ಪ್ರದೇಶ ಒಂದೇ ಸಲಕ್ಕೆ ದುಡಿಯುವ ಈ ಮೂರ‍್ನಾಲ್ಕು ವಾರಗಳಲ್ಲಿ ರಸ್ತೆಗಳ ಮೇಲೆ ಬಳ್ಳಿ ಹೇರಿದ ಟ್ರಾಕ್ಟರುಗಳು ಸಾಲುಗಟ್ಟುತ್ತವೆ, ಊರುಗಳ ಗಾಳಿಯಲ್ಲಿ ರಾಳ ಮತ್ತು ನಿಂಬೆ ಕೂಡಿದಂತಹ ಘಮಲು ತುಂಬಿರುತ್ತದೆ. ಕೊಯ್ಲು ಮುಗಿದ ಮರುದಿನವೇ ಬರುವವನಿಗೆ ಕಾಣುವುದು ಬೋಳು ಕಂಬಗಳು ಮಾತ್ರ.

ಯೋಜನೆ ಮಾಡುವವರನ್ನು ಪೇಚಿಗೆ ಸಿಲುಕಿಸುವ ವಿಷಯವೊಂದಿದೆ. ಕೊಯ್ಲಿನ ದಿನಗಳಲ್ಲಿ ಬಂದವರು ಕುಡಿಯುವ ಬಿಯರಿನಲ್ಲಿರುವುದು ಹಿಂದಿನ ವರ್ಷದ ಒಣ ಹಾಪ್ಸ್. ಒಣಗಿಸದ ಹಸಿ ಹೂವಿನಿಂದ ಮಾಡುವ ಹಸಿರು ಹಾಪ್ಸ್ ಬಿಯರಿಗೆ ಹೂವನ್ನು ಕಿತ್ತ ದಿನವೇ ಕುದಿಯುವ ಪಾತ್ರೆಗೆ ಹಾಕಬೇಕು. ಆದರೆ ಆ ಬಿಯರು ಹುಳಿತು ಮಾಗಲು ಮತ್ತೆ ಕೆಲವು ವಾರಗಳು ಬೇಕಾದ್ದರಿಂದ ಅದು ಗಿರಾಕಿಯ ಲೋಟಕ್ಕೆ ಬರುವಾಗ ಅಕ್ಟೋಬರ್ ಕಾಲಿಟ್ಟಿರುತ್ತದೆ. ತೋಟದ ಕೊಯ್ಲು ಮತ್ತು ಆ ಕೊಯ್ಲಿನ ಬಿಯರು ಎರಡನ್ನೂ ಒಂದೇ ವಾರದ ರಜೆಯಲ್ಲಿ ಪಡೆಯುವುದು ಸಾಧ್ಯವಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಕೊಯ್ಲನ್ನು ಆರಿಸುವುದು ಲೇಸು: ಬಿಯರನ್ನು ಬೇರೆಡೆಯೂ ಸವಿಯಬಹುದು, ಆದರೆ ಕೊಯ್ಲನ್ನು ಅಲ್ಲಿಗೆ ಹೋಗಿಯೇ ನೋಡಬೇಕು.

ಆಬೆನ್ಸ್‌ಬರ್ಗ್ ಪಟ್ಟಣದ ಗಿಲ್ಲಾಮೂಸ್ ಜಾತ್ರೆಯು ಸೆಪ್ಟೆಂಬರ್ ಮೊದಲ ದಿನಗಳಲ್ಲಿ ನಡೆಯುವುದರಿಂದ ಕೊಯ್ಲಿನೊಂದಿಗೆ ಹೊಂದುತ್ತದೆ. ಜಾತ್ರೆಯ ಕೊನೆಯ ದಿನವಾದ ಸೋಮವಾರ ರಾಜಕೀಯ ಪಕ್ಷಗಳ ನಾಯಕರು ಬಿಯರ್ ಡೇರೆಗಳಲ್ಲಿ ಭಾಷಣ ಮಾಡುವುದು ಇಲ್ಲಿನ ವಾಡಿಕೆ. ಮ್ಯೂನಿಕ್‌ನ ಆಕ್ಟೋಬರ್‌ಫೆಸ್ಟ್ ಹೆಸರಿಗೆ ಅಕ್ಟೋಬರ್ ಆದರೂ ಸೆಪ್ಟೆಂಬರ್ ನಡುಭಾಗದ ನಂತರದ ಶನಿವಾರ ಆರಂಭವಾಗುತ್ತದೆ. ಅಲ್ಲಿಂದ ಮುಂದೆ ನಗರದ ವಸತಿಗೃಹಗಳ ಬಾಡಿಗೆ ಹಲವು ಪಟ್ಟು ಏರುವುದರಿಂದ, ಕೊಯ್ಲನ್ನು ನೋಡಬಯಸುವವರು ಅದಕ್ಕೆ ಮೊದಲೇ ಮರಳುವಂತೆ ದಿನಗಳನ್ನು ಗೊತ್ತುಮಾಡುವುದು ಮಿತವ್ಯಯಕರ.

ಕೊಯ್ಲಿನ ದಿನಗಳಲ್ಲಿ ತೋಟ

ಬಳ್ಳಿಯನ್ನು ಬುಡದಲ್ಲಿ ಕತ್ತರಿಸಿ, ಎಳೆಯ ಸಮೇತ ಮೇಲಿನ ತಂತಿಯಿಂದ ಎಳೆದು ಟ್ರಾಕ್ಟರಿನ ಗಾಡಿಗೆ ತುಂಬುತ್ತಾರೆ. ತೋಟದಮನೆಯ ಕೊಟ್ಟಿಗೆಯಲ್ಲಿರುವ ಯಂತ್ರವು ಬಳ್ಳಿಯಿಂದ ಹೂವನ್ನು ಬಿಡಿಸಿ ಎಲೆಕಡ್ಡಿಗಳನ್ನು ಬೇರ್ಪಡಿಸುತ್ತದೆ. ಆಗ ಹೂವಿನ ತೂಕದಲ್ಲಿ ನೂರಕ್ಕೆ 80ರಷ್ಟು ನೀರೇ ಇರುವುದರಿಂದ ರಾಶಿ ಹಾಕಿದರೆ ಬೇಗನೆ ಬೆಚ್ಚಗಾಗಿ ಕೆಡುತ್ತದೆ. ಕಿತ್ತ ಕೆಲವೇ ಗಂಟೆಗಳಲ್ಲಿ ಅದನ್ನು ಒಣಗಿಸುವ ಗೂಡಿಗೆ ಏರಿಸಿ, ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿಗಾಳಿಯನ್ನು ಕೆಳಗಿನಿಂದ ಹಾಯಿಸಿ, ತೇವಾಂಶವನ್ನು ನೂರಕ್ಕೆ 10ರ ಸುಮಾರಿಗೆ ಇಳಿಸುತ್ತಾರೆ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬ್ಯಾರನ್‌ಗಳಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದು ಉರಿ ಕಾಯುವವರ ಆತಂಕವೇ ಇಲ್ಲಿಯೂ ಇದೆ. ಕಾವು ಹೆಚ್ಚಾದರೆ ಪರಿಮಳದ ತೈಲ ಹಾರಿಹೋಗುತ್ತದೆ, ಕಡಿಮೆಯಾದರೆ ಮೂಟೆಯಲ್ಲಿ ಬೂಷ್ಟು ಹಿಡಿಯುತ್ತದೆ. ವರ್ಷದ ದುಡಿಮೆಯ ಬೆಲೆ ಆ ಕೆಲವು ಗಂಟೆಗಳಲ್ಲಿ ನಿರ್ಧಾರವಾಗುತ್ತದೆ.

ಈ ಕಾರಣದಿಂದಲೇ ಕೊಯ್ಲಿನ ನಡುವೆ ತೋಟಕ್ಕೆ ಹೇಳದೆ ಕೇಳದೆ ಹೋಗುವುದು ಸಲ್ಲದು. ತೋಟಗಳು ಖಾಸಗಿ ಸ್ವತ್ತು. ತೋಟದಮನೆ ಎಂಬುದು ಒಂದು ಕುಟುಂಬದ ವಾಸಸ್ಥಾನವೂ ಹೌದು. ಪ್ರವಾಸಿಗರನ್ನು ಬರಮಾಡಿಕೊಳ್ಳುವ ತೋಟಗಳು ಹಲವಿದ್ದು, ಅಲ್ಲಿ ಮುಂಗಡ ಕಾಯ್ದಿರಿಸಿದ ಗುಂಪುಗಳಿಗೆ ವಿವರಣೆಯೊಂದಿಗೆ ತೋರಿಸಲಾಗುತ್ತದೆ. ಹಾಪ್ಸ್ ಬಳ್ಳಿಯ ಕಾಂಡದ ಮೇಲೆ ಸೂಕ್ಷ್ಮವಾದ ಕೊಕ್ಕೆರೋಮಗಳಿರುವುದರಿಂದ ಬರಿ ಕೈಗೆ ತಾಗಿದರೆ ಗೀರುಗಳಾಗಿ ಉರಿಯುತ್ತದೆ. ಉದ್ದ ತೋಳಿನ ಅಂಗಿ ತೊಡುವುದು ಉಚಿತ.

ಮಾರ್ಗ ಮತ್ತು ತಾಣಗಳು

ಫ್ರೈಸಿಂಗ್‌ನಿಂದ ಔ ಮತ್ತು ಮೈನ್‌ಬುರ್ಗ್ ಮೂಲಕ ಆಬೆನ್ಸ್‌ಬರ್ಗಿಗೆ ಹೋಗುವ 301ನೆಯ ಸಂಖ್ಯೆಯ ಹೆದ್ದಾರಿಗೆ ಜರ್ಮನ್ ಹಾಪ್ಸ್ ರಸ್ತೆ ಎಂಬ ಹೆಸರಿದೆ. ಪ್ರವಾಸವನ್ನು ದಕ್ಷಿಣದಿಂದ ಉತ್ತರಕ್ಕೆ ಈ ರಸ್ತೆಯ ಗುಂಟ ಹೆಣೆಯುವುದು ಅನುಕೂಲ. ಮ್ಯೂನಿಕ್ ವಿಮಾನ ನಿಲ್ದಾಣವು ಫ್ರೈಸಿಂಗ್ ಪಕ್ಕದಲ್ಲಿಯೇ ಇರುವುದರಿಂದ ನಗರವನ್ನು ಹೊಗದೆಯೂ ಪ್ರವಾಸವನ್ನು ಆರಂಭಿಸಬಹುದು.

ಫ್ರೈಸಿಂಗ್‌ನ ವೈಹೆನ್‌ಸ್ಟೆಫಾನ್ ಗುಡ್ಡದ ಮೇಲಿರುವ ಬ್ರೂವರಿಯು ತಾನು 1040ರಿಂದ ನಡೆಯುತ್ತಿರುವ, ಜಗತ್ತಿನ ಅತ್ಯಂತ ಹಳೆಯ ಬ್ರೂವರಿ ಎಂದು ಹೇಳಿಕೊಳ್ಳುತ್ತದೆ. ಆ ವರ್ಷದ ಸನದು ಬಹಳ ಕಾಲದ ನಂತರ ಸೃಷ್ಟಿಸಿದ್ದೆಂದು ಇತಿಹಾಸಕಾರರು ಭಾವಿಸುತ್ತಾರಾದರೂ ಮಠದ ಕಾಲದಿಂದ ಅಲ್ಲಿ ಬಿಯರ್ ತಯಾರಿಸುತ್ತಿದ್ದುದರಲ್ಲಿ ಸಂದೇಹವಿಲ್ಲ. ಈಗ ಅದು ಬವೇರಿಯ ಸರ್ಕಾರದ ಒಡೆತನದಲ್ಲಿದೆ. ಅದೇ ಗುಡ್ಡದಲ್ಲಿ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಬಿಯರ್ ತಯಾರಿಕಾ ವಿಭಾಗವೂ ಇದ್ದು, ದೇಶವಿದೇಶಗಳ ತಯಾರಕರು ಅಲ್ಲಿ ಕಲಿತು ಹೋಗುತ್ತಾರೆ. ಮುಂದಿನ ಔ ಗ್ರಾಮದಲ್ಲಿ ಕೋಟೆಮನೆಗೆ ಸೇರಿದ ಹಳೆಯ ಬ್ರೂವರಿಯೊಂದಿದೆ.

ರಸ್ತೆಯಿಂದ ಪಶ್ಚಿಮಕ್ಕೆ ತುಸು ತಿರುಗಿದರೆ ವೋಲ್ನ್‌ಜಾಖ್. ಇಲ್ಲಿನ ಜರ್ಮನ್ ಹಾಪ್ಸ್ ವಸ್ತುಸಂಗ್ರಹಾಲಯವು 2005ರಲ್ಲಿ ತೆರೆಯಿತು. ಹಳೆಯ ಕೊಯ್ಲು ಯಂತ್ರ, ಒಣಗಿಸುವ ಗೂಡು, ಕೂಲಿಯ ಬಿಲ್ಲೆಗಳು ಮುಂತಾದವು ಇಲ್ಲಿವೆ. ಕೊಯ್ಲಿನ ಕಾಲ ತಪ್ಪಿ ಬಂದವರಿಗೆ ಬೆಳೆಯನ್ನು ಅರಿಯಲು ಉಳಿಯುವ ಮುಖ್ಯ ದಾರಿ ಇದೇ ಆಗಿದ್ದು, ಕೊಯ್ಲಿನ ಕಾಲದಲ್ಲಿ ಬರುವವರೂ ಮೊದಲು ಇದನ್ನು ನೋಡಿ ಅನಂತರ ತೋಟಕ್ಕೆ ಹೋದರೆ ಕಣ್ಣೆದುರಿನ ಕೆಲಸ ಹೆಚ್ಚು ಸ್ಪಷ್ಟವಾಗುತ್ತದೆ. ಸಾಮಾನ್ಯವಾಗಿ ಸೋಮವಾರ ಮುಚ್ಚಿರುತ್ತದೆ. ಹಳ್ಳಿಯ ಊಟದ ಮನೆಗಳಿಗೂ ವಾರಕ್ಕೊಂದು ಎರಡು ದಿನ, ಹೆಚ್ಚಾಗಿ ಸೋಮವಾರ ಅಥವಾ ಮಂಗಳವಾರ, ರಜೆಯಿರುವುದರಿಂದ ವಾರದ ಮೊದಲೆರಡು ದಿನಗಳನ್ನು ಪಟ್ಟಣಗಳಲ್ಲಿ ಕಳೆಯುವುದು ಒಳಿತು.

ಆಬೆನ್ಸ್‌ಬರ್ಗ್‌ನಲ್ಲಿ ಕುಖ್ಲ್‌ಬವರ್ ಬ್ರೂವರಿಯ ಆವರಣದಲ್ಲಿರುವ ಬಣ್ಣಬಣ್ಣದ ಗೋಪುರವು ಆಸ್ಟ್ರಿಯದ ಕಲಾವಿದ ಹುಂಡರ್ಟ್‌ವಾಸರ್ ಅವರ ಕಲ್ಪನೆಯನ್ನು ಆಧರಿಸಿದ್ದು. ಅವರು 2000ದಲ್ಲಿ ತೀರಿಕೊಂಡ ಮೇಲೆ ವಾಸ್ತುಶಿಲ್ಪಿ ಪೀಟರ್ ಪೆಲಿಕಾನ್ ಅದನ್ನು ಪೂರ್ಣಗೊಳಿಸಿದರು.

ರಸ್ತೆ ಮುಗಿದ ಮೇಲೆ ಡಾನ್ಯೂಬ್ ನದಿಯ ದಡದ ಕೆಲ್‌ಹೈಮ್ ಸಿಗುತ್ತದೆ. ಇಲ್ಲಿಂದ ಸುಣ್ಣಕಲ್ಲಿನ ಬಂಡೆಗಳ ಕಿರುಕಣಿವೆಯ ಮೂಲಕ ದೋಣಿಯಲ್ಲಿ ವೆಲ್ಟೆನ್‌ಬುರ್ಗ್ ಮಠಕ್ಕೆ ಹೋಗಬಹುದು. ಪ್ರವಾಹಕ್ಕೆ ಎದುರಾಗಿ ಸುಮಾರು 40 ನಿಮಿಷ, ಮರಳುವಾಗ ಅದರ ಅರ್ಧ. ಮಠದ ಬ್ರೂವರಿ 1050ರಷ್ಟು ಹಳೆಯದೆಂಬ ಪ್ರತೀತಿಯಿದ್ದು, ಅದರ ಕಪ್ಪು ಬಿಯರ್ ಪ್ರಸಿದ್ಧ. ಆಸಾಮ್ ಸಹೋದರರು 18ನೆಯ ಶತಮಾನದಲ್ಲಿ ರೂಪಿಸಿದ ಬರೋಕ್ ಶೈಲಿಯ ಚರ್ಚು ಬಿಯರಿನಲ್ಲಿ ಆಸಕ್ತಿಯಿಲ್ಲದವರಿಗೂ ನೋಡತಕ್ಕದ್ದು. ದೋಣಿಗಳು ಚಳಿಗಾಲದಲ್ಲಿ ಸಂಚರಿಸುವುದಿಲ್ಲ. ನದಿ ಉಕ್ಕಿದಾಗಲೂ ತೀರ ಬತ್ತಿದಾಗಲೂ ಸಂಚಾರ ನಿಲ್ಲುತ್ತದೆ.

ಕ್ರಾಫ್ಟ್ ಬಿಯರ್ ಮತ್ತು ಹೊಸ ತಳಿಗಳು

ಹಾಲರ್ಟಾವ್‌ನ ಬಹುತೇಕ ಬ್ರೂವರಿಗಳು ತಲೆತಲಾಂತರದಿಂದ ಕುಟುಂಬಗಳು ನಡೆಸಿಕೊಂಡು ಬಂದವು. ಗಾತ್ರದಲ್ಲಿ ಸಣ್ಣವಾದರೂ ಅಮೆರಿಕದ ಅರ್ಥದಲ್ಲಿ ಇವು ಕ್ರಾಫ್ಟ್ ಬ್ರೂವರಿಗಳಲ್ಲ: ಶುದ್ಧತೆಯ ಕಟ್ಟಳೆಗೆ ನಿಷ್ಠವಾಗಿ, ಹಾಪ್ಸನ್ನು ಮಿತವಾಗಿ ಬಳಸುವ ತಿಳಿ ಲಾಗರ್ ಮತ್ತು ಗೋಧಿ ಬಿಯರುಗಳೇ ಇವುಗಳ ಬಲ. ಹಾಪ್ಸಿನ ಊರಿನಲ್ಲಿ ಹಾಪ್ಸಿನ ಕಟು ಪರಿಮಳ ತುಂಬಿದ ಬಿಯರನ್ನು ನಿರೀಕ್ಷಿಸಿ ಬಂದವರಿಗೆ ಮೊದಲ ಲೋಟ ಸಪ್ಪೆಯೆನಿಸಬಹುದು. ಇದನ್ನು ದೋಷವೆಂದು ಎಣಿಸದೆ ಈ ನಾಡಿನ ರುಚಿಯೆಂದು ತಿಳಿಯಬೇಕು.

ಎರಡು ಸಂಪ್ರದಾಯಗಳ ಭೇಟಿಯ ಫಲವನ್ನು ಸವಿಯಬಯಸುವವರಿಗೆ ಕೆಲ್‌ಹೈಮ್‌ನ ಶ್ನೈಡರ್ ಗೋಧಿ ಬಿಯರ್ ಬ್ರೂವರಿ ತಕ್ಕ ಸ್ಥಳ. 2007ರಲ್ಲಿ ಅದು ನ್ಯೂಯಾರ್ಕಿನ ಬ್ರೂಕ್ಲಿನ್ ಬ್ರೂವರಿಯ ಗ್ಯಾರೆಟ್ ಆಲಿವರ್ ಅವರೊಡಗೂಡಿ, ಹಾಲರ್ಟಾವ್‌ನ ಸಫೀರ್ ಹಾಪ್ಸನ್ನು ಧಾರಾಳವಾಗಿ ಬಳಸಿದ ಗೋಧಿ ಬಿಯರನ್ನು ತಯಾರಿಸಿತು. ಬೆಳೆಯಲ್ಲಿಯೂ ಇಂತಹ ಕೊಡುಕೊಳ್ಳುವಿಕೆ ನಡೆದಿದೆ. ಹ್ಯುಲ್ ಕೇಂದ್ರವು ಅಮೆರಿಕದ ಕ್ಯಾಸ್ಕೇಡ್ ತಳಿಯನ್ನು ತಾಯಿಯಾಗಿಸಿ 2012ರಲ್ಲಿ ಮಂದಾರಿನಾ ಬವೇರಿಯಾ, ಹಾಲರ್ಟಾವ್ ಬ್ಲಾಂಕ್ ಎಂಬ ತಳಿಗಳನ್ನು ಹೊರತಂದಿತು. ಮೊದಲನೆಯದರಲ್ಲಿ ಕಿತ್ತಳೆಯ, ಎರಡನೆಯದರಲ್ಲಿ ಬಿಳಿ ದ್ರಾಕ್ಷಾರಸದ ಛಾಯೆಯಿದೆ.

ಸಂಚಾರ ಮತ್ತು ಕಾನೂನು

ಫ್ರೈಸಿಂಗ್, ಇಂಗೋಲ್‌ಸ್ಟಾಟ್ ಮತ್ತು ಆಬೆನ್ಸ್‌ಬರ್ಗ್‌ಗಳಿಗೆ ರೈಲು ಇದೆ. ಪ್ರದೇಶದ ನಡುಮಧ್ಯದ ಮೈನ್‌ಬುರ್ಗಿಗೆ ಪ್ರಯಾಣಿಕರ ರೈಲು ನಿಂತುಹೋಗಿದ್ದು, ಬಸ್ಸು ಅಥವಾ ಸ್ವಂತ ವಾಹನವೇ ಗತಿ. ಜರ್ಮನಿಯಲ್ಲಿ 16 ವರ್ಷ ತುಂಬಿದವರು ಬಿಯರ್ ಕೊಳ್ಳಬಹುದು. ವಾಹನ ಚಾಲಕರ ರಕ್ತದಲ್ಲಿ ಮದ್ಯಸಾರದ ಮಿತಿ ಸಾವಿರಕ್ಕೆ 0.5, 21 ವರ್ಷದೊಳಗಿನವರಿಗೂ ಹೊಸದಾಗಿ ಪರವಾನಗಿ ಪಡೆದವರಿಗೂ ಅದು ಸೊನ್ನೆ. ಇಲ್ಲಿನ ಬಿಯರನ್ನು ಅರ್ಧ ಲೀಟರಿನ ಲೋಟಗಳಲ್ಲಿ ಕೊಡುವ ರೂಢಿಯಿರುವುದರಿಂದ ಬ್ರೂವರಿಗಳಿಗೆ ಹೋಗುವ ದಿನ ವಾಹನ ನಡೆಸುವವನು ಕುಡಿಯದಿರುವುದೇ ಕ್ಷೇಮ. ಸೈಕಲ್ ಮಾರ್ಗಗಳು ಅಚ್ಚುಕಟ್ಟಾಗಿವೆಯಾದರೂ ದಿಣ್ಣೆಗಳು ಏರಿಳಿತದಿಂದ ಕೂಡಿವೆ. ಸೈಕಲ್ ಸವಾರರಿಗೂ ಸಾವಿರಕ್ಕೆ 1.6ರ ಮಿತಿಯುಂಟು.

ಹವಾಮಾನ ಬದಲಾವಣೆಯ ಪರಿಣಾಮ

2021ರಲ್ಲಿ ಸುಮಾರು 47,900 ಟನ್ ಇದ್ದ ಜರ್ಮನಿಯ ಹಾಪ್ಸ್ ಉತ್ಪನ್ನವು ಬರಗಾಲದ ವರ್ಷವಾದ 2022ರಲ್ಲಿ ಸುಮಾರು 34,400 ಟನ್ನಿಗೆ ಕುಸಿಯಿತು. ನೀರಾವರಿಯಿಲ್ಲದ ತೋಟಗಳೂ ಬಿಸಿಲು ತಾಳದ ಹಳೆಯ ಪರಿಮಳದ ತಳಿಗಳೂ ಹೆಚ್ಚು ನಷ್ಟ ಕಂಡವು. ಮಧ್ಯ ಯುರೋಪಿನ ಹಾಪ್ಸ್ ಪ್ರದೇಶಗಳ ಕುರಿತು ನೇಚರ್ ಕಮ್ಯುನಿಕೇಶನ್ಸ್ ಪತ್ರಿಕೆಯಲ್ಲಿ 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 1994ಕ್ಕೆ ಹಿಂದಿನ ಕಾಲಕ್ಕೆ ಹೋಲಿಸಿದರೆ ಹಾಪ್ಸ್ ಸುಮಾರು 20 ದಿನ ಮೊದಲೇ ಬಲಿಯತೊಡಗಿದೆ. 2050ರ ವೇಳೆಗೆ ಪರಿಮಳದ ತಳಿಗಳ ಇಳುವರಿ ಶೇಕಡ 4ರಿಂದ 18ರಷ್ಟೂ ಅವುಗಳ ಆಲ್ಫಾ ಆಮ್ಲ ಶೇಕಡ 20ರಿಂದ 31ರಷ್ಟೂ ಕುಗ್ಗುವ ಸಾಧ್ಯತೆಯನ್ನು ಅದು ಮುಂದಿಟ್ಟಿದೆ. ಬೆಳೆಗಾರರು ಹನಿ ನೀರಾವರಿಗೂ ಬರ ತಾಳುವ ಹೊಸ ತಳಿಗಳಿಗೂ ಮೊರೆಹೋಗುತ್ತಿದ್ದಾರೆ. ಆದರೆ ಬ್ರೂವರಿಗಳು ತಮ್ಮ ಬಿಯರಿನ ರುಚಿ ಬದಲಾದೀತೆಂದು ಹಿಂಜರಿಯುವುದರಿಂದಲೂ ಹಾಪ್ಸಿನ ಬಹುಪಾಲು ವರ್ಷಗಳ ಮುಂಗಡ ಕರಾರಿನ ಮೇಲೆ ಮಾರಾಟವಾಗುವುದರಿಂದಲೂ ತಳಿ ಬದಲಾವಣೆ ನಿಧಾನವಾಗಿದೆ. ಪ್ರವಾಸಿಯ ಮಟ್ಟಿಗೆ ಇದರ ಪರಿಣಾಮವೆಂದರೆ ಹಳೆಯ ಕೈಪಿಡಿಗಳ ತಾರೀಖುಗಳನ್ನು ನೆಚ್ಚಲಾಗದು. ಆ ವರ್ಷದ ಕೊಯ್ಲಿನ ಆರಂಭವನ್ನು ಜುಲೈ ಕೊನೆಯಲ್ಲಿ ತೋಟದವರಿಂದಲೇ ಕೇಳಿ ತಿಳಿಯಬೇಕು.

ಭಾರತದೊಂದಿಗೆ ನಂಟು

ಹಾಪ್ಸ್ ಹೂಬಿಡಲು ದೀರ್ಘ ಹಗಲಿನ ಬೇಸಿಗೆ ಬೇಕಾದ್ದರಿಂದ ದಕ್ಷಿಣ ಭಾರತದ ಬಯಲಿಗೆ ಅದು ಒಗ್ಗುವ ಬೆಳೆಯಲ್ಲ; ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಸಣ್ಣ ಪ್ರಮಾಣದಲ್ಲಿ ಬೆಳೆದದ್ದುಂಟು. ಬೆಂಗಳೂರಿನ ಮೈಕ್ರೋಬ್ರೂವರಿಗಳು ಹಾಪ್ಸನ್ನು ಬಹುಪಾಲು ವಿದೇಶಗಳಿಂದಲೇ ತರಿಸಿಕೊಳ್ಳುತ್ತವೆ. ಅಲ್ಲಿ ಜನಪ್ರಿಯವಾಗಿರುವ ಹೆಫೆವೈಟ್ಸೆನ್ ಬವೇರಿಯ ಮೂಲದ ಗೋಧಿ ಬಿಯರು.

2021ರಲ್ಲಿ ಬಿಹಾರದ ರೈತನೊಬ್ಬ ಕಿಲೋಗೆ ಒಂದು ಲಕ್ಷ ರೂಪಾಯಿ ಬೆಲೆಯ ಹಾಪ್ಸ್ ಚಿಗುರನ್ನು ಬೆಳೆದಿರುವನೆಂಬ ಸುದ್ದಿ ಭಾರತದಾದ್ಯಂತ ಹರಡಿ, ಅನಂತರ ಸುಳ್ಳೆಂದು ತಿಳಿದುಬಂತು. ಚಿಗುರು ತಿನ್ನುವ ರೂಢಿ ಮಾತ್ರ ನಿಜವಾದದ್ದೇ. ವಸಂತದಲ್ಲಿ ಬೆಳೆಗಾರರು ಕಿತ್ತೆಸೆಯುವ ಹೆಚ್ಚುವರಿ ಚಿಗುರುಗಳನ್ನು ಮಣ್ಣು ಸರಿಸಿ ಎಳೆಯದಾಗಿರುವಾಗಲೇ ಆಯ್ದು, ಬೇಯಿಸಿ ಬೆಣ್ಣೆಯೊಡನೆ ಅಥವಾ ಸಲಾಡಿನಲ್ಲಿ ಬಡಿಸುತ್ತಾರೆ. ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗಿನ ಎರಡು ಮೂರು ವಾರಗಳಲ್ಲಿ ಹಾಲರ್ಟಾವ್‌ನ ಕೆಲವು ಊಟದ ಮನೆಗಳಲ್ಲಿ ಇದು ದೊರೆಯುತ್ತದೆ.